ಮುಂದಿನ ರೈಲು ನಾಲ್ಕು ನಿಮಿಷದಲ್ಲಿ

ನಮ್ಮನೆ ಮಾಣಿ, ಅಂದರೆ ಮಗ, ಬೆಂಗಳೂರಿನಿಂದ ಫೋನ್ ಮಾಡಿದಾಗೆಲ್ಲ ಒಂದೇ ಗೋಳು. "ಆಯಿ, ಇವತ್ತು ಏಳೋದು ತಡ ಆತು, ಮೆಟ್ರೋ ತಪ್ಪೋತು. ಎಂಟು ನಿಮಿಷ ಕಾದಿ."

"ಅಯ್ಯೋ, ನಿಂತ್ಕಂಡೇ ಕಾದ್ಯನ ತಮಾ?" ಅವನ ಆಯಿಗೆ ಕರುಳು ಚುರುಕ್ ಅನ್ನುತ್ತದೆ.

ನಾನು ಪಕ್ಕದಲ್ಲಿ ಕೂತು ಕವಳಕ್ಕೆ, ಅಂದರೆ ಎಲೆ ಅಡಿಕೆಗೆ, ಸುಣ್ಣ ಹಚ್ಚುತ್ತಾ ಲೆಕ್ಕ ಹಾಕುತ್ತೇನೆ. ಶಿರಸಿ ಸೀಮೆಯಲ್ಲಿ ಹುಟ್ಟಿದ ನಾನು ರೈಲು ಕಾಯಲು ಶುರು ಮಾಡಿ ಐವತ್ತೆಂಟು ವರ್ಷವಾಯಿತು. ನಿಂತೂ ಕಾದಿದ್ದೇನೆ, ಕೂತೂ ಕಾದಿದ್ದೇನೆ. ಇಲ್ಲಿಯವರೆಗೆ ಯಾರೂ ಅಯ್ಯೋ ಅಂದಿಲ್ಲ.

ಶಿರಸಿಯವನಿಗೆ ರೈಲು ಹತ್ತಬೇಕು ಅಂದರೆ ಮೊದಲು ಬಸ್ಸು ಹತ್ತಬೇಕು. ತಾಳಗುಪ್ಪಕ್ಕೆ ಹೋದರೆ ಅದು ಶಿವಮೊಗ್ಗ ಜಿಲ್ಲೆ. ಹಾವೇರಿಗೆ ಹೋದರೆ ಅದು ಹಾವೇರಿ ಜಿಲ್ಲೆ. ನಮ್ಮದೇ ಉತ್ತರ ಕನ್ನಡ ಜಿಲ್ಲೆಯ ರೈಲು ಬೇಕು ಅಂತ ಹಟ ಹಿಡಿದರೆ ಘಟ್ಟ ಇಳಿದು ಕುಮಟೆಗೆ ಹೋಗಬೇಕು. ಆ ದೇವಿಮನೆ ಘಟ್ಟದ ರಸ್ತೆಯನ್ನು ಅಗಲ ಮಾಡುತ್ತೇವೆ ಎಂದು ಮುಚ್ಚಿ, ತೆಗೆದು, ಮತ್ತೆ ಮುಚ್ಚಿ, ಮತ್ತೆ ತೆಗೆದು ವರ್ಷಗಳೇ ಕಳೆದವು. ಅದು ರಸ್ತೆಯೋ ನಮ್ಮ ಅಟ್ಟದ ಬಾಗಿಲೋ ಎಂದು ಅನುಮಾನ ಬರುವಷ್ಟು.

ಇನ್ನು ಹುಬ್ಬಳ್ಳಿ–ಅಂಕೋಲಾ ರೈಲು. ಕಲಘಟಗಿ, ಯಲ್ಲಾಪುರ ದಾಟಿ ಘಟ್ಟ ಇಳಿದು ಕಡಲು ಮುಟ್ಟುವ ಸುಮಾರು 160 ಕಿ.ಮೀ. ದಾರಿ. ಮಂಜೂರಾಗಿದ್ದು 1990ರ ದಶಕದ ಕೊನೆಯಲ್ಲಿ. ಆಗ ಆ ಸುದ್ದಿ ಓದಿ ಪೇಪರ್ ಮಡಚಿಟ್ಟ ಹುಡುಗರು ಈಗ ಓದಲು ಕನ್ನಡಕ ಹುಡುಕುತ್ತಿದ್ದಾರೆ. ಕಾಡು ಕಡಿಯಬೇಡಿ ಎಂದು ಕೆಲವರು ಕೋರ್ಟಿಗೆ ಹೋದರು, ಅದೂ ಸರಿಯೇ. ರೈಲು ಬೇಕು ಎಂದು ಕೆಲವರು ಧರಣಿ ಕೂತರು, ಅದೂ ಸರಿಯೇ. 2020ರಲ್ಲಿ ರಾಜ್ಯದ ವನ್ಯಜೀವಿ ಮಂಡಳಿ ಹೂಂ ಅಂದಿತು. ಹೂಂ ಅಂದಿದ್ದಕ್ಕೂ ಕೋರ್ಟಿನಲ್ಲಿ ತಕರಾರು ಬಿತ್ತು. ಚುನಾವಣೆ ಬಂದಾಗ ಮಾತ್ರ ಆ ರೈಲು ಒಂದು ನಿಮಿಷವೂ ತಡವಿಲ್ಲದೆ ಬರುತ್ತದೆ. ಮತ ಎಣಿಕೆ ಮುಗಿದ ಕೂಡಲೇ ಹೊರಡುತ್ತದೆ.

ಹೀಗೆ ಕಾಯುವುದರಲ್ಲಿ ಪಳಗಿದ ನಮಗೆ ಬೆಂಗಳೂರು ಮೆಟ್ರೋದ ಹಳದಿ ಮಾರ್ಗದ ಸುದ್ದಿ ಓದುವಾಗ ಬಹಳ ಖುಷಿಯಾಯಿತು. ಇವರೂ ನಮ್ಮ ಪೈಕಿಯೇ ಎಂಬ ಖುಷಿ. 2025ರ ಆಗಸ್ಟ್ 10ರಂದು ಉದ್ಘಾಟನೆ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ 19 ಕಿ.ಮೀ., 16 ನಿಲ್ದಾಣ. ರೈಲು ಎಷ್ಟು? ಮೂರು. ಹದಿನಾರು ಪಂಕ್ತಿ ಎಲೆ ಹಾಕಿ, ಬಡಿಸಲು ಮೂರು ಜನರನ್ನು ಬಿಟ್ಟ ಹಾಗೆ. 25 ನಿಮಿಷಕ್ಕೊಂದು ರೈಲು. ಸಾರು ಬರುವಷ್ಟರಲ್ಲಿ ಅನ್ನ ಒಣಗಿತ್ತು.

ಚಾಲಕನೇ ಬೇಡದ ರೈಲು ಬರುತ್ತದೆ ಎಂದು ಮೊದಲಿನಿಂದಲೂ ಕೇಳುತ್ತಿದ್ದೆವು. ಕೊನೆಗೆ ಶುರುವಿನಲ್ಲಿ ಚಾಲಕರೇ ಓಡಿಸಿದರು. ಕೊರತೆ ಬಿದ್ದಿದ್ದು ರೈಲಿಗೆ. ಮೊದಲನೆಯದು ಚೀನಾದಿಂದ ಹಡಗು ಹತ್ತಿ ಬಂತು. ಆಮೇಲಿನವು ಕೋಲ್ಕತ್ತ ಕಡೆಯ ಕಾರ್ಖಾನೆಯಿಂದ ದೊಡ್ಡ ಲಾರಿ ಹತ್ತಿ ಬಂದವು. ಪೇಪರಿನಲ್ಲಿ ಆ ಫೋಟೊ ನೋಡಿದ ದಿನ ನನ್ನ ಹಳೇ ಸಂಕೋಚವೊಂದು ಹೋಯಿತು. ರೈಲೇ ಲಾರಿ ಹತ್ತಿ ಬರುವಾಗ, ಶಿರಸಿಯವನು ರೈಲಿಗಾಗಿ ಬಸ್ಸು ಹತ್ತುವುದರಲ್ಲಿ ನಾಚಿಕೆ ಏನು, ಅಲ್ವಾ?

ಆಮೇಲೆ ಒಂದೊಂದೇ ರೈಲು ಬಂದು ಸೇರಿ ಕಾಯುವುದು ಕಡಿಮೆಯಾಯಿತು ಅನ್ನಿ. ಆದರೆ ಆ 25 ನಿಮಿಷದಲ್ಲಿ ಎದ್ದ ಗಲಾಟೆ ನೋಡಬೇಕಿತ್ತು. ನಮ್ಮ ಜಿಲ್ಲೆಯ ಇಪ್ಪತ್ತೈದು ವರ್ಷದಲ್ಲೂ ಅಷ್ಟು ಗಲಾಟೆ ಎದ್ದಿಲ್ಲ. ಬೇಕಿದ್ದರೆ ನಾವು ಬೆಂಗಳೂರಿಗೆ ಬಂದು ತರಬೇತಿ ಕೊಡಲು ತಯಾರಿದ್ದೇವೆ. ಪಠ್ಯಕ್ರಮ ಸುಲಭ. ಮೊದಲ ದಿನ ಕವಳ ಹಾಕುವುದು. ಎರಡನೇ ದಿನ ಎದುರಿಗೆ ಹೋಗುವ ಲಾರಿ ಎಣಿಸುವುದು. ಮೂರನೇ ದಿನ ಯಾಕೆ ಹೊರಟಿದ್ದೆವು ಎಂಬುದನ್ನೇ ಮರೆತು ಮನೆಗೆ ವಾಪಸ್ ಹೋಗುವುದು.

ಮೆಟ್ರೋ ಹತ್ತಿದ ಅನುಭವ ಇಲ್ಲದೆ ಹೀಗೆ ಬರೆಯುತ್ತಿಲ್ಲ. ಕೆಂಗೇರಿಯಲ್ಲಿ ನೆಂಟರ ಮನೆ ಒಕ್ಕಲಿಗೆ ನಾನೂ ಭಾವನೂ ಹೋಗಿದ್ದೆವು. ರಾತ್ರಿ ಬಸ್ಸಿನಲ್ಲಿ ನಾನೂರು ಕಿ.ಮೀ. ಕುಲುಕಿಸಿಕೊಂಡು ಮೆಜೆಸ್ಟಿಕ್‌ನಲ್ಲಿ ಇಳಿದೆವು. ಅಡಕತ್ತರಿ ತರಬೇಡಿ, ತಪಾಸಣೆಯಲ್ಲಿ ತೆಗೆಸುತ್ತಾರೆ ಎಂದು ಮಾಣಿ ಮೊದಲೇ ಹೇಳಿದ್ದ. ಹಾಗಾಗಿ ಭಾವ ಅಡಿಕೆಯನ್ನು ಮನೆಯಲ್ಲೇ ಹೋಳು ಮಾಡಿ ತಂದಿದ್ದರು. ಮುಖ ತೊಳೆದು ಚಾ ಕುಡಿದು, ಅಭ್ಯಾಸಬಲ ನೋಡಿ, ಒಂದು ಕವಳವನ್ನೂ ಹಾಕಿಬಿಟ್ಟರು. ಹೊಗೆಸೊಪ್ಪು ಸೇರಿಸಿ. ಉಗುಳಲು ಜಾಗ ಇಲ್ಲದ ಊರು ಅದು ಎಂಬುದು ಹೊಳೆದಿದ್ದು ಪ್ಲಾಟ್‌ಫಾರ್ಮಿಗೆ ಬಂದ ಮೇಲೆ.

ಅಲ್ಲಿ ನೆಲ ನಮ್ಮನೆ ದೇವರ ಕೋಣೆಗಿಂತ ಸ್ವಚ್ಛ. ಮೇಲೆ ಒಂದು ಬೋರ್ಡು. ಮುಂದಿನ ರೈಲು 4 ನಿಮಿಷ ಎಂದು ಕೆಂಪು ಅಕ್ಷರ. ಭಾವ ಬಾಯಿ ಮುಚ್ಚಿಕೊಂಡೇ ಅದನ್ನು ನೋಡುತ್ತಾ ನಿಂತರು. ನಾಲ್ಕು ಮೂರಾಯಿತು. ಮೂರು ಎರಡಾಯಿತು. ಅವರ ಕಣ್ಣಲ್ಲಿ ನೀರು ಬಂತು. ಕವಳದ ಖಾರಕ್ಕೋ, ಇಂಥದ್ದೊಂದು ಬೋರ್ಡು ಲೋಕದಲ್ಲಿ ಇದೆಯಲ್ಲ ಎಂಬುದಕ್ಕೋ ಗೊತ್ತಾಗಲಿಲ್ಲ.

ರೈಲಿನೊಳಗೆ ಮಾರಿಕಾಂಬೆ ಜಾತ್ರೆಯ ರಶ್ಶು. ಜಾತ್ರೆಯಲ್ಲಾದರೆ ಜನ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಇಲ್ಲಿ ಎಲ್ಲರೂ ಕತ್ತು ಬಗ್ಗಿಸಿ ಮೊಬೈಲಿಗೆ ಆರತಿ ಎತ್ತುತ್ತಿದ್ದರು. ಸಿಟಿ ರೈಲ್ವೆ ನಿಲ್ದಾಣದವರೆಗೆ ಕತ್ತಲೆ ಸುರಂಗ. ಅದನ್ನು ದಾಟಿದ ಮೇಲೆ ರೈಲು ಮೂಗು ಮೇಲೆತ್ತಿ ಕಂಬಗಳ ಮೇಲೆ ಹತ್ತಿತು. ಒಮ್ಮೆಲೇ ಬೆಳಕು. ನೋಡಿದರೆ ಕಣ್ಣು ಹಾಯುವವರೆಗೂ ತಾರಸಿ. ನೀರಿನ ಟ್ಯಾಂಕು, ಒಣಗಿದ ಬಟ್ಟೆ, ಒಣಗಿದ ತುಳಸಿ. ಮಳೆಗಾಲ ಅಡಿಕೆ ಒಣಗಿಸಲು ಜಾಗವಿಲ್ಲದೆ ಪರದಾಡುವ ನಮಗೆ ಹೊಟ್ಟೆ ಉರಿಯಿತು. ಭಾವ ಕಿಟಕಿಯಾಚೆ ಕೈ ತೋರಿಸಿ "ಉಂ ಉಂ" ಅಂದರು. ಇಷ್ಟು ತಾರಸಿ ಖಾಲಿ ಬಿಟ್ಟಿದ್ದಾರಲ್ಲ ಎಂದು ಅರ್ಥ.

ಆಗ ಆ ದನಿ ಕೇಳಿತು. ಮುಂದಿನ ನಿಲ್ದಾಣದ ಹೆಸರನ್ನು ಅಚ್ಚ ಕನ್ನಡದಲ್ಲಿ, ಒಂದಕ್ಷರ ತಪ್ಪದೆ ಹೇಳುವ ದನಿ. ಭಾವ ತಟ್ಟನೆ ನನ್ನ ತೋಳು ಹಿಡಿದು ಕಿವಿ ತೋರಿಸಿದರು. ನಿರೂಪಕಿ ಅಪರ್ಣಾ ಅವರ ದನಿ ಅದು. ದೂರದರ್ಶನದ ಕಾಲದಿಂದ ಮನೆಮನೆಗೆ ಗೊತ್ತಿದ್ದ ದನಿ. 2024ರ ಜುಲೈನಲ್ಲಿ ಅವರು ತೀರಿಕೊಂಡರು, ದನಿ ಮಾತ್ರ ಇನ್ನೂ ಜನರನ್ನು ಜೋಪಾನವಾಗಿ ಇಳಿಸುತ್ತಿದೆ. ವಿಜಯನಗರ ಬಂತು, ಅತ್ತಿಗುಪ್ಪೆ ಬಂತು, ದೀಪಾಂಜಲಿ ನಗರ ಬಂತು. ಪ್ರತಿ ಸಲ ಆ ದನಿ ಹೇಳಿದ್ದಕ್ಕೆ ಭಾವ ಮರ್ಯಾದೆಯಿಂದ ತಲೆ ಆಡಿಸಿದರು. ಬಾಯಿ ತೆರೆಯುವ ಹಾಗಿರಲಿಲ್ಲವಲ್ಲ.

ನಾಯಂಡಹಳ್ಳಿ ದಾಟುವಾಗ ಭಾವನ ಮುಖದ ಬಣ್ಣ ತಿರುಗಿತು. ಜ್ಞಾನಭಾರತಿಯಲ್ಲಿ ಒಬ್ಬ ಹುಡುಗಿ ಎದ್ದು, "ಕೂತ್ಕೊಳಿ ಅಂಕಲ್, ಹುಷಾರಿಲ್ವಾ?" ಅಂದಳು. ಭಾವ ಕೈ ಮುಗಿದರು. ಪಟ್ಟಣಗೆರೆಯಲ್ಲಿ ಗಂಟಲಿಂದ ಗುಳುಂ ಅಂತ ಒಂದು ಸದ್ದು ಬಂತು. ನಲವತ್ತು ವರ್ಷದ ಕವಳದ ಬದುಕಿನಲ್ಲಿ ಮೊದಲ ಸಲ ಅವರು ನುಂಗಿದ್ದರು. ಕೆಂಗೇರಿಯಲ್ಲಿ ಇಳಿಯುವಾಗ ಅವರಿಗೆ ರೈಲು ನಿಂತಿತ್ತು, ಭೂಮಿ ಓಡುತ್ತಿತ್ತು.

ದರದ ಮಾತಿಗೆ ಬರೋಣ. 2025ರ ಫೆಬ್ರುವರಿ 9ರಿಂದ ಮೆಟ್ರೋದ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಹೋಯಿತು. ಕೆಲವು ಕಡೆ ದುಪ್ಪಟ್ಟೂ ಆಯಿತು. ಜನ ಕೂಗಾಡಿದರು. ಐದು ದಿನದಲ್ಲಿ ಆಡಳಿತಕ್ಕೆ ಕರುಣೆ ಬಂತು. ಯಾವ ಹಂತದಲ್ಲೂ ಏರಿಕೆ ಶೇ. 71ಕ್ಕಿಂತ ಜಾಸ್ತಿ ಇರುವುದಿಲ್ಲ ಎಂದರು. ಎಪ್ಪತ್ತು ಅಂದರೆ ಕಡಿಮೆಯಾಗುತ್ತಿತ್ತು, ಎಪ್ಪತ್ತೆರಡು ಅಂದರೆ ಅನ್ಯಾಯವಾಗುತ್ತಿತ್ತು. ಅಡಿಕೆ ದರ ಹೀಗೆ ಐದು ದಿನದಲ್ಲಿ ಶೇ. 71 ಏರಿದರೆ ನಾವು ಮಂಡಿಯ ಮುಂದೆ ಯಕ್ಷಗಾನ ಆಡಿಸುತ್ತಿದ್ದೆವು.

ಬಟ್ಟೆಯ ವಿಷಯ ಮಾತ್ರ ನಗುತ್ತಾ ಬರೆಯಲು ಕಷ್ಟ. 2024ರ ಫೆಬ್ರುವರಿಯಲ್ಲಿ ರಾಜಾಜಿನಗರ ನಿಲ್ದಾಣದಲ್ಲಿ ತಲೆಯ ಮೇಲೆ ಗಂಟು ಹೊತ್ತಿದ್ದ ರೈತರೊಬ್ಬರನ್ನು ಬಟ್ಟೆ ಕೊಳಕಾಗಿದೆ ಎಂದು ತಡೆದು ನಿಲ್ಲಿಸಿದ್ದರು. ಟಿಕೆಟ್ ಇತ್ತು. ಅಲ್ಲಿದ್ದ ಪ್ರಯಾಣಿಕರು ಜಗಳ ಮಾಡಿ ಅವರನ್ನು ಒಳಗೆ ಕರೆದುಕೊಂಡು ಹೋದರು. ವಿಡಿಯೊ ನಾಡೆಲ್ಲ ಓಡಾಡಿತು, ತಡೆದ ಮೇಲ್ವಿಚಾರಕರ ಕೆಲಸ ಹೋಯಿತು. ಆವತ್ತು ನಮ್ಮೂರಿನ ಗಂಡಸರೆಲ್ಲ ತಮ್ಮ ತಮ್ಮ ಪಂಚೆ ನೋಡಿಕೊಂಡರು. ಅಡಿಕೆ ಬೇಯಿಸಿದ ಚೊಗರು ಒಮ್ಮೆ ತಾಗಿದರೆ ಪಂಚೆ ಹರಿದರೂ ಕಲೆ ಹೋಗುವುದಿಲ್ಲ. ಬಟ್ಟೆಯ ಬಣ್ಣ ನೋಡಿ ಒಳಗೆ ಬಿಡುವುದೇ ಆದರೆ ನೇರಳೆ, ಹಸಿರು, ಹಳದಿಯ ಜೊತೆ ಒಂದು ಚೊಗರು ಮಾರ್ಗವನ್ನೂ ಹಾಕಿಬಿಡಲಿ. ನಾವು ಅದರಲ್ಲೇ ಹೋಗುತ್ತೇವೆ.

ಮಾಣಿಯದ್ದು ಇನ್ನೊಂದು ದೂರು. ಮೆಟ್ರೋ ಇಳಿದ ಮೇಲೆ ಮನೆ ಮೂರು ಕಿ.ಮೀ. ದೂರ, ಆಟೋದವನು ಮೆಟ್ರೋಗಿಂತ ಜಾಸ್ತಿ ಕೇಳುತ್ತಾನೆ. ಇದನ್ನು ಕೇಳಿದರೆ ಕರಾವಳಿಯವರು ನಗುತ್ತಾರೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡಲು ಶುರುವಾದಾಗಿನಿಂದ ಅವರದ್ದು ಇದೇ ಕತೆ. ಕಾರವಾರದ ನಿಲ್ದಾಣ ಶಿರವಾಡದಲ್ಲಿದೆ. ಗೋಕರ್ಣ ರೋಡ್ ಎಂಬ ನಿಲ್ದಾಣದಲ್ಲಿ ಇಳಿದು ಮಹಾಬಲೇಶ್ವರ ಎಲ್ಲಿ ಎಂದು ಕೇಳಿದರೆ ಒಂಬತ್ತು ಹತ್ತು ಕಿ.ಮೀ. ಆಚೆ ಕೈ ತೋರಿಸುತ್ತಾರೆ. ರೈಲ್ವೆಯವರ ಭಾಷೆಯಲ್ಲಿ ಊರಿನ ಹೆಸರಿನ ಮುಂದೆ ರೋಡ್ ಅಂತ ಇದ್ದರೆ, ಊರು ಇಲ್ಲಿಲ್ಲ, ರೋಡು ಇದೆ, ಹೋಗು ಎಂದು ಅರ್ಥ. ಬೆಂಗಳೂರಿನಲ್ಲಿ ಎಂ.ಜಿ. ರೋಡ್ ಎಂದು ಹೆಸರಿಟ್ಟು ನಿಜವಾಗಿಯೂ ಎಂ.ಜಿ. ರೋಡಿನಲ್ಲೇ ನಿಲ್ದಾಣ ಕಟ್ಟಿದ್ದಾರೆ. ಅನುಭವ ಸಾಲದು.

ಊರಿಗೆ ವಾಪಸ್ ಬಂದ ಮೇಲೆ ಭಾವ ಎರಡು ದಿನ ಕವಳ ಮುಟ್ಟಲಿಲ್ಲ. ಮೂರನೇ ದಿನ ಸುಣ್ಣದ ಡಬ್ಬಿ ತೆಗೆದರು. ಕವಳಕ್ಕೆ ಇರಬೇಕು ಅಂದುಕೊಂಡರೆ ಅದನ್ನು ಹಿಡಿದು ಸೀದಾ ನಮ್ಮೂರ ಬಸ್ ತಂಗುದಾಣಕ್ಕೆ ನಡೆದರು. ಗೋಡೆಯ ಮೇಲೆ ಬೆರಳಿನಲ್ಲಿ ದಪ್ಪಗೆ ಬರೆದರು. "ಮುಂದಿನ ಬಸ್ಸು 4 ನಿಮಿಷ."

ಮಧ್ಯಾಹ್ನದ ಬಸ್ಸಿಗೆ ಬಂದವರೆಲ್ಲ ಅದನ್ನು ಓದಿದರು. "ಹೌದನ, ನಮ್ಮೂರಿಗೂ ಬಂತನ!" ಎಂದು ಕಲ್ಲುಬೆಂಚಿನ ಮೇಲೆ ನೆಮ್ಮದಿಯಿಂದ ಕೂತರು. ಯಾರೂ ಗೊಣಗಲಿಲ್ಲ, ಯಾರೂ ರಸ್ತೆ ತಿರುವಿಗೆ ಹೋಗಿ ಇಣುಕಲಿಲ್ಲ. ಬಸ್ಸು ಆ ದಿನ ಬರಲಿಲ್ಲ. ಮರುದಿನ ಮತ್ತೆ ಅವರೇ ಬಂದರು, ಮತ್ತೆ ಓದಿದರು, ಮತ್ತೆ ಕೂತರು.

ನಿನ್ನೆ ಸಂಜೆ ನಾನೂ ಹೋಗಿ ನೋಡಿದೆ. ಮಳೆಗೆ ಸುಣ್ಣ ಸ್ವಲ್ಪ ಕರಗಿದೆ. ನಾಲ್ಕು ಮಾತ್ರ ನಾಲ್ಕೇ ಇದೆ.