‘ಲಿನಕ್ಸ್ ಆದರೆ ಸಪೋರ್ಟ್ ಇಲ್ಲ ಮೇಡಂ’

ಕಳೆದ ತಿಂಗಳು ಆರು ದಿನ ನಮ್ಮ ಮನೆಯಲ್ಲಿ ಇಂಟರ್ನೆಟ್ ಬಂದೂ ಬಾರದಂತಿತ್ತು. ಎರಡು ನಿಮಿಷ ಬರುವುದು, ಮತ್ತೆ ನಿಲ್ಲುವುದು. ತುಮಕೂರಿನ ಬಟವಾಡಿಯಲ್ಲಿ ಸಂಜೆ ಮನೆಪಾಠ ಹೇಳುವವಳು ನಾನು. ಮಕ್ಕಳಿಗೆ ವಿಜ್ಞಾನದ ವಿಡಿಯೊ ತೋರಿಸಲು, ಹಳೆಯ ಪ್ರಶ್ನೆಪತ್ರಿಕೆ ಇಳಿಸಿಕೊಳ್ಳಲು ಮೂರು ಹಳೆಯ ಕಂಪ್ಯೂಟರ್ ಇಟ್ಟುಕೊಂಡಿದ್ದೇನೆ. ಮೂರರಲ್ಲೂ ಇರುವುದು ಲಿನಕ್ಸ್ ಮಿಂಟ್. ವಿಂಡೋಸ್‌ನಂತೆಯೇ ಕಂಪ್ಯೂಟರ್ ನಡೆಸುವ, ಆದರೆ ಪುಕ್ಕಟೆಯಾಗಿ ಸಿಗುವ ಲಿನಕ್ಸ್ ತಂತ್ರಾಂಶದ ಒಂದು ಬಗೆ ಅದು.

ಮೊದಲ ದಿನ ಇಂಟರ್ನೆಟ್ ಕಂಪನಿಯ ಸಹಾಯವಾಣಿಗೆ ಕರೆ ಮಾಡಿದಾಗ ಆ ಕಡೆಯ ಹುಡುಗ, ಸ್ಟಾರ್ಟ್ ಬಟನ್ ಒತ್ತಿ ಕಂಟ್ರೋಲ್ ಪ್ಯಾನೆಲ್ ತೆರೆಯಿರಿ ಎಂದ. ಇದರಲ್ಲಿ ಲಿನಕ್ಸ್ ಇದೆ, ಏನು ನೋಡಬೇಕೆಂದು ಹೇಳಿ, ನಾನೇ ನೋಡಿ ಹೇಳುತ್ತೇನೆ ಎಂದೆ. ಸ್ವಲ್ಪ ಹೊತ್ತು ಮೌನ. ಆಮೇಲೆ, ‘ಲಿನಕ್ಸ್ ಆದರೆ ನಮ್ಮಲ್ಲಿ ಸಪೋರ್ಟ್ ಇಲ್ಲ ಮೇಡಂ. ವಿಂಡೋಸ್ ಹಾಕಿಸಿ ಮತ್ತೆ ಕರೆ ಮಾಡಿ.’ ಮೊಬೈಲಿನಲ್ಲೂ ಹೀಗೇ ಆಗುತ್ತಿದೆ ಎಂದು ಎರಡು ಸಲ ಹೇಳಿದೆ. ಅದನ್ನು ಬರೆದುಕೊಳ್ಳಲೂ ಇಲ್ಲ. ಮರುದಿನ ಇನ್ನೊಬ್ಬರಿಂದ ಅದೇ ಉತ್ತರ. ಮೂರನೆಯ ದಿನ ದೂರು ‘ಪರಿಹಾರವಾಗಿದೆ’ ಎಂಬ ಮೆಸೇಜ್ ಬಂತು!

ರೂಟರಿನ ಪುಟವನ್ನು ಬ್ರೌಸರಿನಲ್ಲಿ ತೆರೆದೆ. ಫೈಬರಿನಲ್ಲಿ ಮನೆಗೆ ಬಂದು ತಲುಪುವ ಬೆಳಕಿನ ಬಲ ಎಷ್ಟೆಂದು ಅಲ್ಲಿ ಕಾಣುತ್ತದೆ. ಮೈನಸ್ 29 ಡಿಬಿಎಂ ಇತ್ತು. ಡಿಬಿಎಂ ಎಂದರೆ ಆ ಬಲದ ಅಳತೆ, ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. ಸಾಮಾನ್ಯವಾಗಿ ಮೈನಸ್ 27ರ ಆಚೆ ಹೋದರೆ ಬೆಳಕು ಸಾಲದೆ ಸಂಪರ್ಕ ಕಡಿದು ಕಡಿದು ಬರುತ್ತದೆ. ಮೂರು ಕಂಪ್ಯೂಟರನ್ನೂ ಆರಿಸಿಟ್ಟರೂ ಆ ಅಂಕಿ ಬದಲಾಗುವುದಿಲ್ಲ. ಕಂಪನಿಯವರು ತಮ್ಮ ಕಚೇರಿಯಲ್ಲಿ ಕುಳಿತೇ ಅದನ್ನು ನೋಡಬಹುದು. ಯಾರೂ ನೋಡಲಿಲ್ಲ.

ಆರನೆಯ ದಿನ ಲೈನ್‌ಮನ್ ಬಂದರು. ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಚ್ಚಿ ನೋಡಿ, ಕಂಬದಿಂದ ಕಿಟಕಿಗೆ ಬರುವಲ್ಲಿ ಫೈಬರ್ ಮಡಚಿಕೊಂಡಿದ್ದನ್ನು ಹಿಡಿದರು. ಪಕ್ಕದವರು ಹೊಂಗೆಯ ಕೊಂಬೆ ಕಡಿಸಿದಾಗ ಕೇಬಲ್ ಎಳೆದುಹೋಗಿತ್ತು. ಗಾಜಿನ ಎಳೆ ಅಷ್ಟು ಬಾಗಿದರೆ ಬೆಳಕು ಹೊರಗೆ ಸೋರುತ್ತದೆ. ಆ ಭಾಗ ಕತ್ತರಿಸಿ ಹೊಸ ತುಂಡು ಜೋಡಿಸಿದರು, ಅಂಕಿ ಮೈನಸ್ 21ಕ್ಕೆ ಬಂತು. ಇಪ್ಪತ್ತು ನಿಮಿಷದ ಕೆಲಸ. ಕಂಪ್ಯೂಟರಿನಲ್ಲಿ ಏನಿದೆ ಎಂದು ಅವರು ಕೇಳಲೇ ಇಲ್ಲ. ಆ ಮನುಷ್ಯನಿಗೆ ಕಾಫಿ ಕೊಟ್ಟು ಕೈಮುಗಿದೆ.

ಲಿನಕ್ಸ್ ಯಾಕೆ ಬೇಕಿತ್ತು ಎಂದು ಕೆಲವರು ಕೇಳುತ್ತಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಇರಬೇಕು ಎನ್ನುತ್ತಾರೆ, ನನ್ನವುಗಳಲ್ಲಿ ಅದಿಲ್ಲ. ಚೆನ್ನಾಗಿ ನಡೆಯುವ ಯಂತ್ರಗಳನ್ನು ಗುಜರಿಗೆ ಹಾಕಲು ನನಗೆ ಮನಸ್ಸಿಲ್ಲ, ಮೂರು ಹೊಸದು ಕೊಳ್ಳುವ ಶಕ್ತಿಯೂ ಇಲ್ಲ. ಕೇರಳದ ಸರ್ಕಾರಿ ಶಾಲೆಗಳ ಮಕ್ಕಳು ವರ್ಷಗಳಿಂದ ಲಿನಕ್ಸ್‌ನಲ್ಲೇ ಕಲಿಯುತ್ತಿದ್ದಾರೆ. ಆಂಡ್ರಾಯ್ಡ್ ಫೋನಿನ ತಿರುಳೂ ಲಿನಕ್ಸ್, ಈ ಕಂಪನಿಗಳು ಮನೆಮನೆಗೆ ಕೊಡುವ ರೂಟರ್‌ಗಳಲ್ಲಿ ಹೆಚ್ಚಿನವುಗಳ ಒಳಗಿರುವುದೂ ಅದೇ.

ಫೋನೆತ್ತುವ ಹುಡುಗರ ಮೇಲೆ ನನಗೆ ಸಿಟ್ಟಿಲ್ಲ. ಅವರ ಮುಂದೆ ಪ್ರಶ್ನೆಗಳ ಪಟ್ಟಿ ಇರುತ್ತದೆ, ಅದರಲ್ಲಿ ಇಲ್ಲದ್ದು ಬಂದರೆ ಏನು ಮಾಡಬೇಕೆಂದು ಯಾರೂ ಕಲಿಸಿಲ್ಲ. ಸಿಟ್ಟಿರುವುದು ಆ ಪಟ್ಟಿ ಬರೆದವರ ಮೇಲೆ. ಸಂಪರ್ಕ ಇದೆಯೇ ಎಂದು ಪರೀಕ್ಷಿಸುವ ಪಿಂಗ್ ಆಜ್ಞೆ ವಿಂಡೋಸ್, ಲಿನಕ್ಸ್ ಎರಡರಲ್ಲೂ ಒಂದೇ. ಐಪಿ ವಿಳಾಸ, ಅಂದರೆ ನೆಟ್‌ವರ್ಕ್‌ನಲ್ಲಿ ಕಂಪ್ಯೂಟರಿಗಿರುವ ಅಂಕಿಗಳ ವಿಳಾಸ, ನೋಡಲು ವಿಂಡೋಸ್‌ನಲ್ಲಿ ‘ಐಪಿಕಾನ್ಫಿಗ್’, ಲಿನಕ್ಸ್‌ನಲ್ಲಿ ‘ಐಪಿ ಎ’. ಗೂಗಲ್‌ನ 8.8.8.8 ಎಂಬ ವಿಳಾಸಕ್ಕೆ ಪಿಂಗ್ ಹೋಗಿ, ಹೆಸರಿರುವ ತಾಣ ಮಾತ್ರ ತೆರೆಯದಿದ್ದರೆ, ಹೆಸರನ್ನು ಅಂಕಿಗಳ ವಿಳಾಸಕ್ಕೆ ಬದಲಿಸುವ ಡಿಎನ್‌ಎಸ್ ನೋಡಬೇಕು. ಇಷ್ಟನ್ನು ಬರೆದುಕೊಡಲು ಅರ್ಧ ಹಾಳೆ ಸಾಕು. ನನ್ನ ಲಿನಕ್ಸ್ ರಿಪೇರಿ ಮಾಡಿಕೊಡಿ ಎಂದು ನಾನು ಕೇಳುತ್ತಿಲ್ಲ, ಅದು ನನ್ನ ಜವಾಬ್ದಾರಿ. ನಾನು ತಿಂಗಳು ತಿಂಗಳು ಹಣ ಕಟ್ಟುವುದು ಕಂಬದಿಂದ ಮನೆಯವರೆಗಿನ ಆ ಸಂಪರ್ಕಕ್ಕೆ. ದೂರು ಬಂದ ಕೂಡಲೇ ಮೊದಲು ಅದನ್ನು ನೋಡಿ.

ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2012ರಲ್ಲಿ ತಂದ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಒಂದು ಸಂಖ್ಯೆ ಕೊಡಬೇಕು, ಪರಿಹಾರ ತೃಪ್ತಿಯಾಗದಿದ್ದರೆ ಕಂಪನಿಯ ಮೇಲ್ಮನವಿ ಪ್ರಾಧಿಕಾರಕ್ಕೆ ಬರೆಯಬಹುದು. ಶುಲ್ಕವಿಲ್ಲ. ನಾನು ಬರೆದಿದ್ದೇನೆ. ಆರು ದಿನದ ಹಣ ವಾಪಸು ಕೇಳಿಲ್ಲ, ಆ ಅರ್ಧ ಹಾಳೆಯನ್ನು ಜೊತೆಗಿಟ್ಟು ನಿಮ್ಮ ಪಟ್ಟಿಗೆ ಸೇರಿಸಿ ಎಂದು ಕೇಳಿದ್ದೇನೆ. ತುಮಕೂರಿನಲ್ಲಿ ನಿಮಗೂ ಹೀಗಾಗಿದ್ದರೆ ದೂರಿನ ಸಂಖ್ಯೆ ಅಳಿಸಬೇಡಿ, ನನಗೆ ತಿಳಿಸಿ. ಮುಂದಿನ ಪತ್ರವನ್ನು ಒಟ್ಟಿಗೆ ಬರೆಯೋಣ.