ಡೇಟಾಬೇಸ್ ಏಳಲಿಲ್ಲವೆಂದು ಅನ್‌ಇನ್‌ಸ್ಟಾಲ್ ಮಾಡಲು ಹೋಗಬೇಡಿ

ವರ್ಚುವಲ್ ಮಷೀನಿನಲ್ಲಿ (ಕಂಪ್ಯೂಟರಿನೊಳಗೆ ಸಾಫ್ಟ್‌ವೇರ್ ಕಟ್ಟಿಕೊಡುವ ಇನ್ನೊಂದು ಕಂಪ್ಯೂಟರಿನಲ್ಲಿ) ಡೇಟಾಬೇಸ್ ಸರ್ವರ್ ಹಾಕಿದಿರಿ, ಸರ್ವೀಸ್ ಏಳುತ್ತಿಲ್ಲ. ಬಹಳ ಜನ ಆಗ ಮಾಡುವುದು ಒಂದೇ ಕೆಲಸ: ಕಿತ್ತುಹಾಕಿ ಮತ್ತೆ ಇನ್‌ಸ್ಟಾಲ್. ನನ್ನ ಪ್ರಕಾರ ಇದಕ್ಕಿಂತ ದಂಡದ ಕೆಲಸ ಇನ್ನೊಂದಿಲ್ಲ. ಪ್ಯಾಕೇಜ್ ತೆಗೆದರೂ ಡೇಟಾ ಫೋಲ್ಡರ್ ಸಾಮಾನ್ಯವಾಗಿ ಹಾಗೇ ಉಳಿಯುತ್ತದೆ. ಅರ್ಧಂಬರ್ಧ ಹುಟ್ಟಿದ ಆ ಫೈಲುಗಳ ಮೇಲೆ ಹೊಸ ಪ್ಯಾಕೇಜ್ ಬಂದು ಕೂತರೆ ಹಳೆ ತೊಂದರೆಯ ಜೊತೆಗೆ ಹೊಸದೊಂದು ಗಂಟುಬೀಳುತ್ತದೆ. ಅದೂ ಅಲ್ಲದೆ, ತಪ್ಪು ಎಷ್ಟೋ ಸಲ ಪ್ಯಾಕೇಜಿನದ್ದೇ ಅಲ್ಲ, ಅದರ ಕೆಳಗಿರುವ ಮಷೀನಿನದ್ದು.

ಲಿನಕ್ಸ್ ಆದರೆ ಮೊದಲು ಸರ್ವೀಸುಗಳನ್ನು ಎಬ್ಬಿಸಿ ನೋಡಿಕೊಳ್ಳುವ ಸಿಸ್ಟಮ್‌ಡಿ ಏನು ಹೇಳುತ್ತಿದೆ ನೋಡಿ. ಸರ್ವೀಸಿನ ಸ್ಟೇಟಸ್‌ನಲ್ಲಿ ಸಿಗ್ನಲ್ 9 ಕಂಡರೆ ಪ್ರೋಸೆಸ್ ತಾನಾಗಿ ಸತ್ತಿಲ್ಲ, ಯಾರೋ ಕೊಂದಿದ್ದಾರೆ. ಸಾಮಾನ್ಯವಾಗಿ ಅದು ಮೆಮೊರಿ ಸಾಲದೆ ಲಿನಕ್ಸಿನ ತಿರುಳಾದ ಕರ್ನಲ್ ಮಾಡಿದ ಕೆಲಸ, ಕರ್ನಲ್ ಲಾಗಿನಲ್ಲಿ ‘ಔಟ್ ಆಫ್ ಮೆಮೊರಿ’ ಎಂಬ ಸಾಲು ಸಿಗುತ್ತದೆ. ಲಿನಕ್ಸ್ ಮೇಲಿನ ಮೈಕ್ರೋಸಾಫ್ಟ್ ಎಸ್‌ಕ್ಯೂಎಲ್ ಸರ್ವರ್‌ದು ಇನ್ನೊಂದು ತಮಾಷೆ. ಅದಕ್ಕೆ ಕನಿಷ್ಠ 2000 ಎಂಬಿ ಬೇಕು. ನೀವು ಲೆಕ್ಕ ಹಾಕಿ 2048 ಎಂಬಿ ಕೊಟ್ಟಿರುತ್ತೀರಿ, ಅದರಲ್ಲಿ ಕರ್ನಲ್ ತನ್ನ ಪಾಲು ಹಿಡಿದಿಟ್ಟುಕೊಂಡು ಉಳಿದದ್ದನ್ನಷ್ಟೇ ತೋರಿಸುತ್ತದೆ. ಮೊತ್ತ 2000ಕ್ಕಿಂತ ಕೆಳಗಿಳಿದರೆ ಸರ್ವರ್ ಖಡಾಖಂಡಿತವಾಗಿ ನಿಂತುಬಿಡುತ್ತದೆ. 4096 ಕೊಟ್ಟು ಸುಮ್ಮನಾಗಿ.

ಸಿಗ್ನಲ್ 4, ಅಂದರೆ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಬಂದರೆ ಕಥೆಯೇ ಬೇರೆ: ಪ್ರೊಸೆಸರ್‌ಗೆ ಗೊತ್ತಿಲ್ಲದ ಆಜ್ಞೆ ಬಂದಿದೆ. ಮೊಂಗೋಡಿಬಿ ಡೇಟಾಬೇಸಿನ 5.0 ಮತ್ತು ನಂತರದ ಆವೃತ್ತಿಗಳಿಗೆ ಇಂಟೆಲ್, ಎಎಂಡಿ ಮಷೀನುಗಳಲ್ಲಿ ಎವಿಎಕ್ಸ್ ಎಂಬ ಹೆಚ್ಚುವರಿ ಆಜ್ಞೆಗಳ ಗುಂಪು ಇರುವ ಪ್ರೊಸೆಸರ್ ಬೇಕು. ನಿಮ್ಮ ಅಸಲಿ ಪ್ರೊಸೆಸರ್‌ನಲ್ಲಿ ಅದು ಇದ್ದರೂ ಹೈಪರ್‌ವೈಸರ್ (ವರ್ಚುವಲ್ ಮಷೀನುಗಳನ್ನು ಓಡಿಸುವ ಸಾಫ್ಟ್‌ವೇರ್) ಗೆಸ್ಟ್‌ಗೆ, ಅಂದರೆ ಒಳಗಿನ ಮಷೀನಿಗೆ, ತೋರಿಸದೆ ಇರಬಹುದು. ಪ್ರಾಕ್ಸ್‌ಮಾಕ್ಸ್ ಎಂಬ ಹೈಪರ್‌ವೈಸರ್‌ನ ಡೀಫಾಲ್ಟ್ ಸಿಪಿಯು ಮಾದರಿಯಲ್ಲಿ ಎವಿಎಕ್ಸ್ ಇಲ್ಲ, ಅದನ್ನು ‘ಹೋಸ್ಟ್’ ಎಂದು ಬದಲಿಸಬೇಕು. ಗೆಸ್ಟ್ ಒಳಗಿಂದ ರೀಬೂಟ್ ಮಾಡಿದರೆ ಈ ಬದಲಾವಣೆ ಜಾರಿಗೆ ಬರುವುದಿಲ್ಲ, ಪೂರ್ತಿ ಶಟ್‌ಡೌನ್ ಮಾಡಿ ಎಬ್ಬಿಸಿ. ವಿಂಡೋಸ್ ಮೇಲೆ ವರ್ಚುವಲ್‌ಬಾಕ್ಸ್ ಎಂಬ ಇನ್ನೊಂದು ಹೈಪರ್‌ವೈಸರ್ ಓಡಿಸುವವರು ಕೆಳಗಿನ ಪಟ್ಟಿಯಲ್ಲಿ ಆಮೆಯ ಚಿತ್ರ ಇದೆಯೇ ನೋಡಿ. ಇದ್ದರೆ ವಿಂಡೋಸಿನದೇ ಹೈಪರ್‌ವೈಸರ್ ಆದ ಹೈಪರ್-ವಿ ಅಡ್ಡ ನಿಂತಿದೆ ಎಂದರ್ಥ. ಆಗಲೂ ಎವಿಎಕ್ಸ್ ಮಾಯವಾಗುವುದುಂಟು.

ರೆಪಾಸಿಟರಿಯ (ಪ್ಯಾಕೇಜುಗಳ ಭಂಡಾರದ) ‘ರಿಲೀಸ್ ಫೈಲ್ ಇನ್ನೂ ಊರ್ಜಿತವಾಗಿಲ್ಲ’ ಎಂದು ಪ್ಯಾಕೇಜ್ ಇಳಿಸುವ ಆಪ್ಟ್ ತಕರಾರು ತೆಗೆದರೆ ಇಂಟರ್ನೆಟ್ಟನ್ನು ಬೈಯಬೇಡಿ. ಸಸ್ಪೆಂಡ್ ಮಾಡಿ ಎಬ್ಬಿಸಿದ ಮಷೀನಿನ ಗಡಿಯಾರ ಹಿಂದೆ ಉಳಿದಿರುತ್ತದೆ. ಸಮಯ ಸರಿಮಾಡಿ, ಅಷ್ಟೇ.

ಡಿಸ್ಕ್ ಹೈಪರ್‌ವೈಸರ್‌ನಲ್ಲಿ ಹಿಗ್ಗಿಸಿದ ಮಾತ್ರಕ್ಕೆ ಒಳಗೆ ಜಾಗ ಹುಟ್ಟುವುದಿಲ್ಲ. ಪಾರ್ಟಿಷನ್, ಎಲ್‌ವಿಎಂ (ಡಿಸ್ಕಿನ ಜಾಗ ಹಂಚುವ ಪದರ), ಫೈಲ್‌ಸಿಸ್ಟಮ್ ಮೂರನ್ನೂ ಅದೇ ಕ್ರಮದಲ್ಲಿ ಹಿಗ್ಗಿಸಬೇಕು. ಮತ್ತೆ, ದಯವಿಟ್ಟು ಡೇಟಾ ಫೋಲ್ಡರನ್ನು ಹೋಸ್ಟ್ (ಹೊರಗಿನ ಅಸಲಿ ಮಷೀನು) ಜೊತೆಗಿನ ಶೇರ್ಡ್ ಫೋಲ್ಡರ್‌ನಲ್ಲಿ ಇಡಬೇಡಿ. ಪೋಸ್ಟ್‌ಗ್ರೆಸ್ ತನ್ನ ಫೋಲ್ಡರಿಗೆ 0700 ಅಥವಾ 0750 ಪರ್ಮಿಷನ್ (ಓನರ್ ಬಿಟ್ಟು ಬೇರೆಯವರು ಬರೆಯಲಾಗದ ಹಾಗೆ) ಕೇಳುತ್ತದೆ, ವರ್ಚುವಲ್‌ಬಾಕ್ಸ್‌ನ ಶೇರ್ಡ್ ಫೋಲ್ಡರ್‌ನಲ್ಲಿ ಒಳಗಿನಿಂದ ಪರ್ಮಿಷನ್ ಬದಲಿಸಲು ಆಗುವುದಿಲ್ಲ. ಬೇರೆ ಡಿಸ್ಕಿಗೆ ಸಾಗಿಸಿದ ಮೇಲೆ ‘ಪರ್ಮಿಷನ್ ಡಿನೈಡ್’ ಬಂತೇ? ಓನರ್ ಸರಿಯಿದ್ದರೆ ಎಸ್‌ಇಲಿನಕ್ಸ್ ಲೇಬಲ್ ನೋಡಿ, ಉಬುಂಟುವಿನಲ್ಲಾದರೆ ಆಪ್‌ಆರ್ಮರ್. ಯಾವ ಪ್ರೋಗ್ರಾಂ ಯಾವ ಫೈಲ್ ಮುಟ್ಟಬಹುದು ಎಂದು ಕಾಯುವ ಕಾವಲುಗಾರರು ಇವು. ಅವನ್ನೇ ಆಫ್ ಮಾಡಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಬಾಗಿಲು ಬಿಗಿಯಾಗಿದೆ ಎಂದು ಗೋಡೆ ಒಡೆದ ಹಾಗೆ ಅದು.

ಕೊನೆಗೆ, ಸರ್ವೀಸ್ ಎದ್ದಿದೆ, ಹೊರಗಿಂದ ಕನೆಕ್ಟ್ ಆಗುತ್ತಿಲ್ಲ. ಇಲ್ಲಿ ಎರರ್ ಸಂದೇಶವೇ ದಾರಿ ಹೇಳುತ್ತದೆ. ‘ಕನೆಕ್ಷನ್ ರೆಫ್ಯೂಸ್ಡ್’ ತಕ್ಷಣ ಬಂದರೆ ಬಹುಮಟ್ಟಿಗೆ ಮಷೀನ್ ಸಿಕ್ಕಿದೆ, ಆ ವಿಳಾಸದಲ್ಲಿ ಕೇಳಿಸಿಕೊಳ್ಳುವವರಿಲ್ಲ ಎಂದರ್ಥ: ಪೋಸ್ಟ್‌ಗ್ರೆಸ್ ಮೂಲತಃ ಲೋಕಲ್‌ಹೋಸ್ಟ್ (ಮಷೀನಿನ ಒಳಗಿನವರಿಗಷ್ಟೇ ಸಿಗುವ ವಿಳಾಸ) ಮೇಲಷ್ಟೇ ಕೂತಿರುತ್ತದೆ, ಉಬುಂಟುವಿನ ಮೈಎಸ್‌ಕ್ಯೂಎಲ್ 127.0.0.1 ಮೇಲೆ, ಅದೂ ಅಂಥದ್ದೇ ವಿಳಾಸ. ಪಿಂಗ್ ಹೋಗುತ್ತಿದ್ದರೂ ‘ನೋ ರೂಟ್ ಟು ಹೋಸ್ಟ್’ ಬಂದರೆ ಗೆಸ್ಟ್‌ನ ಫೈರ್‌ವಾಲ್ ಆದ ಫೈರ್‌ವಾಲ್‌ಡಿ ತಡೆದಿರುವ ಸಾಧ್ಯತೆ ಹೆಚ್ಚು. ಬಹಳ ಹೊತ್ತು ಕಾದು ಟೈಮ್‌ಔಟ್ ಆದರೆ ಗೆಸ್ಟ್‌ನ ಐಪಿ ನೋಡಿ. ಅದು 10.0.2.15 ಆಗಿದ್ದರೆ ನೀವು ವರ್ಚುವಲ್‌ಬಾಕ್ಸ್‌ನ ನ್ಯಾಟ್ ಹಿಂದೆ ಇದ್ದೀರಿ, ಹೊರಗಿನಿಂದ ಆ ವಿಳಾಸ ನೇರವಾಗಿ ಸಿಗುವುದಿಲ್ಲ. 5432 (ಪೋಸ್ಟ್‌ಗ್ರೆಸ್) ಅಥವಾ 3306ಕ್ಕೆ (ಮೈಎಸ್‌ಕ್ಯೂಎಲ್) ಪೋರ್ಟ್ ಫಾರ್ವರ್ಡಿಂಗ್ ಹಾಕಿ, ಇಲ್ಲವೇ ಗೆಸ್ಟ್‌ಗೆ ನಿಮ್ಮ ನೆಟ್‌ವರ್ಕಿನದೇ ವಿಳಾಸ ಸಿಗುವ ಬ್ರಿಡ್ಜ್ಡ್ ಮೋಡಿಗೆ ಬದಲಿಸಿ.