ತಾಲೀಮಿಲ್ಲದೆ ವೇದಿಕೆ ಹತ್ತಿಸಬೇಡಿ

ಹೋದ ತಿಂಗಳು ಇಲ್ಲಿ ಆಸ್ಟ್ರೇಲಿಯಾದಲ್ಲಿ ಒಂದು ಸಮ್ಮೇಳನಕ್ಕೆ ಕರ್ನಾಟಕದಿಂದ ಪಿಎಚ್‌ಡಿ ಹುಡುಗಿಯೊಬ್ಬಳು ಬಂದಿದ್ದಳು. ಕೊಟ್ಟಿದ್ದು ಹದಿನೈದು ನಿಮಿಷ. ಹಿಂದಿನವರು ಮಾಡಿದ ಕೆಲಸ, ತನ್ನ ಉದ್ದೇಶಗಳು ಅಂತ ಪೀಠಿಕೆಗೇ ಹೊತ್ತು ಹೋಯಿತು. ಅವಳ ಸ್ವಂತ ಗ್ರಾಫ್ ತೆರೆಗೆ ಬರುವಷ್ಟರಲ್ಲಿ ಅಧ್ಯಕ್ಷರು ಗಂಟೆ ಒತ್ತಿದರು. ಕೆಲಸ ನಿಜಕ್ಕೂ ಚೆನ್ನಾಗಿತ್ತು. ಆದರೆ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ನನ್ನ ಕರುಳು ಚುರ್ರೆಂದಿತು.

ತಪ್ಪು ಅವಳದಲ್ಲ. ನಮ್ಮಲ್ಲಿ ಪ್ರಯೋಗ ಕಲಿಸುತ್ತೇವೆ, ಥೀಸಿಸ್ ತಿದ್ದುತ್ತೇವೆ. ಮಾತು ಮಾತ್ರ ತಾನಾಗಿ ಬರುತ್ತದೆ ಅಂದುಕೊಂಡಿದ್ದೇವೆ. ಎಷ್ಟೋ ಜನ ತಮ್ಮ ಇಡೀ ಕೆಲಸವನ್ನು ಮೊದಲ ಸಲ ಎದ್ದು ನಿಂತು ಹೇಳುವುದೇ ಕೊಲೋಕ್ವಿಯಂ ದಿನ, ಅಂದರೆ ಥೀಸಿಸ್ ಸಲ್ಲಿಸುವ ಮುಂಚೆ ಅದನ್ನು ಎಲ್ಲರೆದುರು ವಿವರಿಸುವ ದಿನ. ಅವತ್ತು ಬೈಸಿಕೊಂಡರೆ ತಿದ್ದಿಕೊಳ್ಳುವುದು ಯಾವಾಗ?

ನಾನು ಕೆಲಸ ಮಾಡುವ ಆಸ್ಟ್ರೇಲಿಯಾದ ಲ್ಯಾಬಿನಲ್ಲಿ, ಹೊರಗೆ ಮಾತಾಡುವ ಮುಂಚೆ ಒಳಗೊಂದು ತಾಲೀಮು ಆಗಲೇಬೇಕು. ಬೇರೆ ವಿಷಯದವರೂ ಬಂದು ಕೂರುತ್ತಾರೆ. ಮೊನ್ನೆ ಒಬ್ಬ ಹುಡುಗ ಸ್ಲೈಡಿಗೆ 'ಫಲಿತಾಂಶಗಳು' ಅಂತ ತಲೆಬರಹ ಕೊಟ್ಟಿದ್ದ. ಗೈಡ್ ಅಲ್ಲೇ ತಡೆದರು. "ಏನು ಗೊತ್ತಾಯಿತು? ಒಂದು ವಾಕ್ಯದಲ್ಲಿ ಹೇಳು. ಅದನ್ನೇ ಮೇಲೆ ಬರಿ." ಗ್ರಾಫ್ ಬಂದಾಗ, ಎಕ್ಸ್ ಅಕ್ಷದಲ್ಲೇನಿದೆ, ವೈ ಅಕ್ಷದಲ್ಲೇನಿದೆ ಅಂತ ಮೊದಲು ಹೇಳಿ ಆಮೇಲೆ ಗೆರೆ ತೋರಿಸು ಅಂದರು. ಒಂದೇ ಸ್ಲೈಡಿನಲ್ಲಿ ಆರು ಗ್ರಾಫ್ ಇದ್ದವು, ಐದನ್ನು ತೆಗೆಸಿದರು. ಅರ್ಧ ಗಂಟೆ ಬರೀ ಮೂರು ಸ್ಲೈಡಿಗೇ ಹೋಯಿತು. ಕಲಿಸುವುದು ಅಂದರೆ ಹೀಗೆ. ಸುಮ್ನೆ "ಧೈರ್ಯವಾಗಿ ಮಾತಾಡು" ಅಂದರೆ ಏನೂ ಆಗುವುದಿಲ್ಲ.

ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯ 2008ರಲ್ಲಿ ಶುರು ಮಾಡಿದ 'ತ್ರೀ ಮಿನಿಟ್ ಥೀಸಿಸ್' ಸ್ಪರ್ಧೆಯೂ ಇದನ್ನೇ ಮಾಡಿಸುತ್ತದೆ. 3 ನಿಮಿಷ, ಅನಿಮೇಷನ್ ಇಲ್ಲದ ಒಂದೇ ಸ್ಲೈಡ್. ಏನನ್ನು ಬಿಡಬೇಕು ಅನ್ನುವುದು ಅಲ್ಲಿ ಅರ್ಥವಾಗುತ್ತದೆ.

ಹಾಗಂತ ಇಲ್ಲಿನದೆಲ್ಲ ಸರಿ ಅಂತಲ್ಲ. ಆಸ್ಟ್ರೇಲಿಯಾದಲ್ಲಿ ಬಹುಕಾಲ ಪಿಎಚ್‌ಡಿಗೆ ಸಾಮಾನ್ಯವಾಗಿ ವೈವಾ (ಮೌಖಿಕ ಪರೀಕ್ಷೆ) ಇರಲೇ ಇಲ್ಲ. ಪರೀಕ್ಷಕರು ಥೀಸಿಸ್ ಓದಿ ವರದಿ ಕಳಿಸಿದರೆ ಸಾಕಿತ್ತು. ನಮ್ಮಲ್ಲಿ ವೈವಾ ಕಡ್ಡಾಯ, ಅದೂ ಎಲ್ಲರೆದುರು. ಅದು ದೊಡ್ಡ ವಿಷಯವೇ. ನಮ್ಮ ಗೈಡ್‌ಗಳ ಕಷ್ಟವೂ ಇದೆ. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಒಬ್ಬ ಪ್ರೊಫೆಸರ್ ಕೈಕೆಳಗೆ 8 ಜನ ಪಿಎಚ್‌ಡಿಯವರು ಇರಬಹುದು. ಪಾಠ, ಮೌಲ್ಯಮಾಪನ ಬೇರೆ. ಅವರಿಗೆ ಪುರುಸೊತ್ತು ಇಲ್ಲದಿದ್ದರೆ ಸೀನಿಯರ್‌ಗಳೇ ಕೊಲೋಕ್ವಿಯಂಗೆ ಒಂದು ವಾರ ಮುಂಚೆ, ಬೇರೆ ವಿಭಾಗದ ಇಬ್ಬರನ್ನು ಕರೆದು ಕೂರಿಸಿ ತಾಲೀಮು ಮಾಡಿಸಬಹುದು ಅಲ್ವಾ?